ಪೇಚ್ಚಿಯಮ್ಮಾಳ್ ಕೇಳಿಸಿಕೊಂಡ ‘ಪರವಾಗಿಲ್ಲ’

ತಿರುನೆಲ್ವೇಲಿಯ ನಮ್ಮ ಆಸ್ಪತ್ರೆಯಲ್ಲಿ ತಲೆಪೆಟ್ಟಿನ ಸಂಶೋಧನೆ ನಡೆದ ನಾಲ್ಕು ವರ್ಷವೂ ನಾನು ಅದರ ದಾಖಲೆ ಗುಮಾಸ್ತನಾಗಿದ್ದೆ. ಹೆಸರು ಸುಡಲೈಮುತ್ತು. ಅಕ್ಷರ ದುಂಡಗೆ, ಫೈಲು ಚೊಕ್ಕಟ, ನಾಲಗೆ ಸ್ವಲ್ಪ ಉದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ ಎಂದು ನನ್ನನ್ನು ಮನೆಯಲ್ಲೂ ಅನ್ನುತ್ತಾರೆ, ಆಫೀಸಿನಲ್ಲೂ ಅನ್ನುತ್ತಾರೆ. ಆ ಮೊಲವನ್ನು ನನ್ನ ಕೈಯಿಂದ ಕಿತ್ತುಕೊಂಡು ಕಾಲು ಎಣಿಸಿ ತೋರಿಸಿದವಳು ಪೇಚ್ಚಿಯಮ್ಮಾಳ್ ಒಬ್ಬಳೇ. ಇದು ಆಕೆಯ ಕತೆ. ಆಕೆಗೆ ಗೊತ್ತಾದರೆ ‘ಬರೆಯೋಕೆ ಬೇರೆ ಕೆಲಸ ಇರಲಿಲ್ವಾ’ ಎಂದು ಬೈಯುವುದು ಖಂಡಿತ, ಆದರೂ ಬರೆಯುತ್ತೇನೆ.

ಆಕೆ ಹುಟ್ಟಿದ್ದು ಬೀಡಿ ಸುತ್ತುವ ಮನೆಯಲ್ಲಿ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ತಾಯಿಯ ಪಕ್ಕದಲ್ಲಿ ಮೊರ ಇಟ್ಟುಕೊಂಡು ಕೂತವಳು ಮದುವೆಯಾಗುವವರೆಗೂ ಬೀಡಿ ಸುತ್ತಿದಳು. ಗಂಡ ಮುಂಬಯಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಮಾಡಿಕೊಂಡ. ಆಕೆ ಅದಕ್ಕಾಗಿ ಅತ್ತದ್ದನ್ನು ಕಂಡವರಿಲ್ಲ. ಒಬ್ಬಳೇ ಮಗಳನ್ನು ಕಟ್ಟಿಕೊಂಡು ನಮ್ಮ ಆಸ್ಪತ್ರೆಗೆ ಆಯಾ ಆಗಿ ಸೇರಿದಳು. ಹಾಕಿದ್ದು ತಲೆಪೆಟ್ಟಿನ ವಾರ್ಡಿಗೆ. ಬೈಕಿನಿಂದ ಬಿದ್ದವರು, ಮರದಿಂದ ಬಿದ್ದವರು, ಕಟ್ಟಡದಿಂದ ಬಿದ್ದವರು, ಎಲ್ಲರೂ ಬಾಯಲ್ಲಿ ಕೊಳವೆ ಇಟ್ಟುಕೊಂಡು ಸಾಲಾಗಿ ಮಲಗಿರುವ ಜಾಗ ಅದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂತ್ರದ ಚೀಲ ಖಾಲಿ ಮಾಡುವುದು, ಮೈ ಒರೆಸುವುದು ಆಕೆಯ ಕೆಲಸ. ಹನ್ನೊಂದು ವರ್ಷ ಅದನ್ನೇ ಮಾಡಿದಳು.

ನಮ್ಮ ದೊಡ್ಡ ಡಾಕ್ಟರು ಜೆಬಸಿಂಗ್ ಆಕೆಯನ್ನು ಮೊದಲ ಸಲ ಸರಿಯಾಗಿ ನೋಡಿದ್ದು ಒಂದು ಮಧ್ಯಾಹ್ನ. ಆಗ ಕೆಲವು ರೋಗಿಗಳ ತಲೆಬುರುಡೆಗೆ ಸಣ್ಣ ತೂತು ಕೊರೆದು, ತಂತಿಯೊಂದನ್ನು ಇಳಿಸಿ, ಒಳಗಿನ ಒತ್ತಡವನ್ನು ಪರದೆಯ ಮೇಲೆ ಅಂಕಿಯಲ್ಲಿ ನೋಡುವ ಪದ್ಧತಿ ಶುರುವಾಗಿತ್ತು. ಪೆಟ್ಟು ತಿಂದ ಮಿದುಳು ಊದಿಕೊಳ್ಳುತ್ತದೆ, ಬುರುಡೆ ಹಿಗ್ಗುವುದಿಲ್ಲ, ಹಾಗಾಗಿ ಒತ್ತಡ ಏರುತ್ತದೆ. ಅಂಕಿ ಇಪ್ಪತ್ತೆರಡು ದಾಟಿದರೆ ನರ್ಸುಗಳು ಓಡುತ್ತಿದ್ದರು. ಆ ಮಧ್ಯಾಹ್ನ ಒಬ್ಬ ಲಾರಿ ಕ್ಲೀನರನ ಅಂಕಿ ಇಪ್ಪತ್ತಾರಕ್ಕೆ ಹೋಗಿ ನಿಂತಿತ್ತು. ಔಷಧಿ ಕೊಟ್ಟರೂ ಇಳಿಯಲಿಲ್ಲ. ಡಾಕ್ಟರು ಮತ್ತೆ ಸ್ಕ್ಯಾನಿಗೆ ಕಳಿಸಲು ಚೀಟಿ ಬರೆಯುತ್ತಿದ್ದಾಗ ಹಾಸಿಗೆಯ ಆ ಬದಿಯಲ್ಲಿದ್ದ ಆಯಾ ಬಾಯಿ ಹಾಕಿದಳು.

“ಸಾರ್, ಕೊಳವೆ ಕಟ್ಟಿರೋ ಪಟ್ಟಿ ಕತ್ತಿಗೆ ಬಿಗೀತಾ ಇದೆ. ಒಂದು ಬೆರಳೂ ತೂರಲ್ಲ.”

“ಅದಕ್ಕೇನೀಗ?” ಎಂದರು ಡಾಕ್ಟರು.

“ಬೀಡಿಗೆ ದಾರ ಬಿಗಿದ್ರೆ ಹೊಗೆ ಬರಲ್ಲ ಸಾರ್. ಕತ್ತಿಗೂ ಅಷ್ಟೇ ಅಲ್ವಾ, ತಲೆಗೆ ಹೋದ ರಕ್ತ ಇಳೀಬೇಕಲ್ಲ.”

ಪಟ್ಟಿ ಸಡಿಲಿಸಿದರು. ಅಂಕಿ ಹದಿನೆಂಟಕ್ಕೆ ಇಳಿಯಿತು. ಜೆಬಸಿಂಗ್ ಡಾಕ್ಟರು ಒಳ್ಳೆಯ ಮನುಷ್ಯ, ಆದರೆ ಹೊಗಳುವುದರಲ್ಲಿ ಕಡುಜಿಪುಣ. ಬರೆಯುತ್ತಿದ್ದ ಚೀಟಿಯನ್ನು ಹರಿದು ಹಾಕಿ ಮುಂದಿನ ಹಾಸಿಗೆಗೆ ಹೋದರು. ಮುಂದಿನ ವರ್ಷ ಸಂಶೋಧನೆ ಶುರುವಾದಾಗ ಮನೆಮನೆಗೆ ಹೋಗಿ ಬರುವ ಕೆಲಸಕ್ಕೆ ಎರಡು ಡಿಗ್ರಿ ಇದ್ದವರು ಅರ್ಜಿ ಹಾಕಿದ್ದರು. ಡಾಕ್ಟರು ಪೇಚ್ಚಿಯಮ್ಮಾಳನ್ನು ಕರೆಸಿದರು.

ಸಂಶೋಧನೆಯ ಪ್ರಶ್ನೆ ಸರಳವಾಗಿತ್ತು. ತಂತಿ ಇಳಿಸಿ ಅಂಕಿ ನೋಡಿ ಚಿಕಿತ್ಸೆ ಕೊಟ್ಟರೆ ಜನ ಹೆಚ್ಚು ಚೆನ್ನಾಗಿ ಬದುಕುತ್ತಾರೋ, ಅಥವಾ ತಂತಿಯಿಲ್ಲದೆ ಕಣ್ಣುಪಾಪೆ ನೋಡಿಕೊಂಡು, ಆಗಾಗ ಸ್ಕ್ಯಾನ್ ಮಾಡಿಕೊಂಡು ಚಿಕಿತ್ಸೆ ಕೊಟ್ಟರೂ ಅಷ್ಟೇ ಆಗುತ್ತದೋ? ಉತ್ತರ ವಾರ್ಡಿನಲ್ಲಿ ಸಿಗುವಂಥದ್ದಲ್ಲ. ಆರು ತಿಂಗಳಾದ ಮೇಲೆ ಆ ಮನುಷ್ಯ ತನ್ನ ಮನೆಯಲ್ಲಿ ಹೇಗಿದ್ದಾನೆ ಎಂಬುದರಲ್ಲಿ ಇತ್ತು. ಅದಕ್ಕೆ ಎಂಟು ಮೆಟ್ಟಿಲಿನ ಒಂದು ಪಟ್ಟಿ. ಒಂದನೆಯದು ಸಾವು, ಎಂಟನೆಯದು ಮೊದಲಿನಂತೆ ಬದುಕು. ಮೂರು ಎಂದರೆ ದಿನವೆಲ್ಲ ಯಾರಾದರೂ ಜೊತೆಗಿರಬೇಕು, ಆರು ಎಂದರೆ ತನ್ನ ಕೆಲಸ ತಾನು ಮಾಡಿಕೊಳ್ಳುತ್ತಾನೆ, ಹಳೆಯ ದುಡಿಮೆ ಮಾತ್ರ ಪೂರ್ತಿ ಆಗುವುದಿಲ್ಲ. ಯಾರಿಗೆ ತಂತಿ ಹಾಕಿದ್ದರು, ಯಾರಿಗೆ ಇಲ್ಲ ಎಂಬುದನ್ನು ಮಾತ್ರ ನನಗಾಗಲಿ ಪೇಚ್ಚಿಯಮ್ಮಾಳಿಗಾಗಲಿ ಹೇಳುತ್ತಿರಲಿಲ್ಲ. ಹೇಳಿದರೆ ನಮ್ಮ ಮನಸ್ಸು ಒಂದು ಕಡೆ ವಾಲುತ್ತದೆಂದು ಹಾಗೆ.

ಹತ್ತಿರದ ಮನೆಗಳಿಗೆ ಆಕೆ ಹೋಗುತ್ತಿದ್ದಳು. ದೂರದವರಿಗೆ ನಾನು ಫೋನು ಮಾಡುತ್ತಿದ್ದೆ, ಮೂರನೆಯ ತಿಂಗಳಿಗೊಮ್ಮೆ, ಆರನೆಯದಕ್ಕೊಮ್ಮೆ. ಒಂದು ಬೆಳಿಗ್ಗೆ ಇಪ್ಪತ್ತು ಫೋನು ಮುಗಿಸುತ್ತಿದ್ದೆ, ಆಕೆ ದಿನಕ್ಕೆ ಎರಡು ಮನೆ. ಆ ಲೆಕ್ಕದ ಮೇಲೆ ನನಗೆ ಸಾಕಷ್ಟು ಜಂಬವಿತ್ತು.

ಇಸಕ್ಕಿಮುತ್ತು ಎಂಬವನ ಹಾಳೆ ಬಂದದ್ದು ಆವಣಿ ತಿಂಗಳ ಕೊನೆಯಲ್ಲಿ, ಅಂದರೆ ಸೆಪ್ಟೆಂಬರಿನ ನಡುವೆ. ಉಡಂಗುಡಿಯ ಆಚೆ ವಡಲಿವಿಳೈ ಅವನ ಊರು. ತಾಳೆ ಮರ ಹತ್ತಿ ರಸ ಇಳಿಸುವವನು, ವಯಸ್ಸು ನಲವತ್ತೊಂದು. ಆರು ತಿಂಗಳ ಹಿಂದೆ ಮರದ ತುದಿಯಿಂದ ಬಿದ್ದು, ಹತ್ತು ದಿನ ಕಣ್ಣು ತೆರೆಯದೆ ಮಲಗಿದ್ದವನನ್ನು ನಮ್ಮವರು ಬದುಕಿಸಿ ಕಳಿಸಿದ್ದರು. ಫೋನು ಎತ್ತಿದ್ದು ಹೆಂಡತಿ ಪೊನ್ನುತ್ತಾಯಿ.

“ಯಜಮಾನ್ರು ಹೇಗಿದ್ದಾರಮ್ಮಾ?”

“ಪರವಾಗಿಲ್ಲ ಸಾರ್.”

“ಊಟ?”

“ಮಾಡ್ತಾರೆ ಸಾರ್.”

“ನಡೆಯೋದು, ಮಾತಾಡೋದು?”

“ನಡೀತಾರೆ ಸಾರ್, ಪರವಾಗಿಲ್ಲ. ಮರ ಮಾತ್ರ ಹತ್ತಲ್ಲ. ಡಾಕ್ಟರಿಗೆ ನಮಸ್ಕಾರ ಹೇಳಿ.”

ಆರನೆಯ ಮೆಟ್ಟಿಲು ಎಂದು ಬರೆದೆ. ಎರಡು ನಿಮಿಷದ ಕೆಲಸ.

ಶುಕ್ರವಾರ ಪೇಚ್ಚಿಯಮ್ಮಾಳ್ ನನ್ನ ಮೇಜಿನ ಎದುರು ಕೂತು, ಡಬ್ಬಿಯಿಂದ ಪುಳಿಯೋಗರೆ ತಿನ್ನುತ್ತ ವಾರದ ಹಾಳೆಗಳನ್ನು ತಿರುವಿ ಹಾಕುವುದು ವಾಡಿಕೆ. ಅಂದು ಇಸಕ್ಕಿಮುತ್ತುವಿನ ಹಾಳೆಯ ಮೇಲೆ ಬೆರಳಿಟ್ಟಳು.

“ಅಣ್ಣಾಚಿ, ಇದು ಯಾವ ಪರವಾಗಿಲ್ಲ?”

“ಪರವಾಗಿಲ್ಲದಲ್ಲಿ ಎಷ್ಟು ತರ ಇದಾವಮ್ಮಾ ತಾಯಿ?”

“ನಂಗೆ ಗೊತ್ತಿರೋದು ಹತ್ತೋ ಹನ್ನೊಂದೋ. ಬೀಗರ ಮನೆ ಊಟ ಹೆಂಗಿತ್ತು ಅಂದ್ರೆ ಪರವಾಗಿಲ್ಲ ಅಂತೀವಿ, ಅದು ಹೊಟ್ಟೆಕಿಚ್ಚು. ಸೊಸೆ ಹೆಂಗೆ ಅಂದ್ರೆ ಪರವಾಗಿಲ್ಲ ಅಂತೀವಿ, ಅದು ಹೊಗಳಿಕೆ. ಬಸ್ಸಲ್ಲಿ ಕಾಲು ತುಳಿದೋನಿಗೂ ಪರವಾಗಿಲ್ಲ ಅಂತೀವಿ, ಬೆರಳು ಊದಿಕೊಂಡಿರುತ್ತೆ. ನೀವು ಎಲ್ಲಾನೂ ತಂದು ಒಂದೇ ಡಬ್ಬಿಗೆ ಸುರ್ದಿದೀರ.”

“ನಾನು ಸರ್ಕಾರಿ ಶಾಲೇಲಿ ತಮಿಳು ಪಂಡಿತರ ಹತ್ರ ಕಲ್ತೋನು,” ಎಂದೆ.

“ಅದೇ ತೊಂದ್ರೆ. ಫೋನು ಅವರ ಕೈಗೆ ಕೊಡು ಅಂತ ಕೇಳಿದ್ರಾ?”

“ಕೇಳ್ದೆ. ಮಲಗಿದ್ದಾರೆ ಅಂದ್ಲು.”

“ಎಷ್ಟು ಗಂಟೆಗೆ?”

“ಹನ್ನೊಂದಕ್ಕೆ.”

“ಬೆಳಗಿನ ಜಾವ ನಾಲ್ಕಕ್ಕೆ ಮರದ ಮೇಲಿರೋ ಮನುಷ್ಯ ಹನ್ನೊಂದಕ್ಕೆ ಮಲಗಿದ್ದಾನೆ. ಮೂರನೇ ತಿಂಗಳ ಹಾಳೆ ತೆಗೀರಿ.”

ತೆಗೆದೆ. ನನ್ನದೇ ದುಂಡಗಿನ ಅಕ್ಷರ. ಆಗ ಫೋನಿಗೆ ಅವನೇ ಬಂದಿದ್ದ. ಮರ ಯಾವಾಗ ಹತ್ತಬಹುದು ಎಂದು ಎರಡು ಸಲ ಕೇಳಿದ್ದ. ಹೆಂಡತಿಯ ಮಾತು ಅಂದೂ ‘ಪರವಾಗಿಲ್ಲ’. ಎರಡೂ ಹಾಳೆಯಲ್ಲಿ ಅದೇ ಒಂದು ಪದ, ಅದೇ ಆರು. ಪೇಚ್ಚಿಯಮ್ಮಾಳ್ ಡಬ್ಬಿ ಮುಚ್ಚಿದಳು.

“ನಾಳೆ ಹೋಗ್ಬರ್ತೀನಿ,” ಎಂದಳು.

ನನಗೆ ರೇಗಿತು. ನನ್ನ ಕೆಲಸದ ಮೇಲೆ ಆಯಾ ಆಗಿದ್ದವಳು ಮರುಪರೀಕ್ಷೆ ಮಾಡುವುದೆಂದರೇನು? ನಾನೂ ಬರುತ್ತೇನೆ ಎಂದೆ. ಆಕೆ ತಪ್ಪಿದ್ದನ್ನು ಕಣ್ಣಾರೆ ನೋಡುವ ಆಸೆ, ಬೇರೇನಲ್ಲ.

ಎರಡು ಬಸ್ಸು ಬದಲಿಸಿ, ಕೆಂಪು ಮರಳಿನಲ್ಲಿ ಚಪ್ಪಲಿ ಹೂತುಕೊಳ್ಳುತ್ತ ನಡೆದು ಹೋದಾಗ ಹತ್ತು ಗಂಟೆ. ಇಸಕ್ಕಿಮುತ್ತು ಜಗಲಿಯ ಮಂಚದ ಮೇಲೆ ಕೂತಿದ್ದ. ಕ್ಷೌರ ಮಾಡಿಸಿದ ಮುಖ, ಒಗೆದ ಅಂಗಿ, ಹಣೆಗೆ ವಿಭೂತಿ. ಹೇಗಿದ್ದೀರಿ ಎಂದೆ. ಸ್ವಲ್ಪ ತಡೆದು “ಪರವಾಗಿಲ್ಲ” ಎಂದು ನಕ್ಕ. ನಾನು ಪೇಚ್ಚಿಯಮ್ಮಾಳ್ ಕಡೆ ತಿರುಗಿ ಹುಬ್ಬು ಹಾರಿಸಿದೆ. ಪೊನ್ನುತ್ತಾಯಿ ತಾಳೆಬೆಲ್ಲದ ಕರಿಕಾಫಿ ತಂದುಕೊಟ್ಟು ಬಾಗಿಲಿಗೆ ಒರಗಿ ನಿಂತಳು. ತೆಳ್ಳಗಿನ ಹೆಂಗಸು, ಕಣ್ಣ ಕೆಳಗೆ ಕಪ್ಪು.

ಪೇಚ್ಚಿಯಮ್ಮಾಳ್ ಹಾಳೆಯನ್ನು ಚೀಲದಿಂದ ತೆಗೆಯಲೇ ಇಲ್ಲ. ಮೂಲೆಯಲ್ಲಿದ್ದ ತಾಳೆನಾರಿನ ಸುರುಳಿ ಎತ್ತಿಕೊಂಡು ಅವನ ಪಕ್ಕ ಕೂತಳು.

“ಅಣ್ಣಾ, ನಮ್ಮ ಬೀದೀಲಿ ಒಬ್ಬ ಮರ ಹತ್ತೋನು ಇದ್ದಾನೆ, ಅವನು ಹತ್ತೋವಾಗ ಕಾಲಿಗೆ ಹಾಕೋ ನಾರಿನ ಬಳೆ ಎರಡು ದಿನಕ್ಕೆ ಕಿತ್ತು ಹೋಗುತ್ತೆ. ನೀವು ಹೆಂಗೆ ಕಟ್ತೀರಿ, ಒಂದು ತೋರಿಸ್ತೀರಾ?”

ಅವನ ಮುಖ ಅರಳಿತು. ನಾರು ತೆಗೆದುಕೊಂಡು ಒಂದು ಸುತ್ತು ಹಾಕಿದ. ಎರಡನೆಯ ಸುತ್ತಿಗೆ ಕೈ ನಿಂತಿತು. ಇಪ್ಪತ್ತೈದು ವರ್ಷ ದಿನಕ್ಕೆ ಎರಡು ಸಲ, ನಲವತ್ತು ಮರ ಹತ್ತಿದವನು ತನ್ನ ಕೈಯನ್ನೇ ಬೇರೆಯವರದೆಂಬಂತೆ ನೋಡುತ್ತ ಕೂತ. ಪೊನ್ನುತ್ತಾಯಿ ಓಡಿಬಂದು ನಾರು ಕಿತ್ತುಕೊಂಡಳು.

“ಇವತ್ತು ಸ್ವಲ್ಪ ಸುಸ್ತು ಅವರಿಗೆ. ಕೊಡಿ, ನಾನು ಕಟ್ಕೊಡ್ತೀನಿ. ಪರವಾಗಿಲ್ಲ ಅಕ್ಕ.”

“ಕೈ ತೊಳೀಬೇಕಿತ್ತು,” ಎಂದಳು ಪೇಚ್ಚಿಯಮ್ಮಾಳ್. “ಅಣ್ಣಾ, ನೀರು ಎಲ್ಲಿದೆ ತೋರಿಸಿ.”

ಅವನು ಎದ್ದ. ನನ್ನ ಜಂಬ ಇಳಿದದ್ದು ಅಲ್ಲಿ. ಅವನ ಪಾದ ನೆಲ ಬಿಟ್ಟು ಏಳುತ್ತಿರಲಿಲ್ಲ, ಅಂಟು ಮೆತ್ತಿದಂತೆ ಎಳೆದುಕೊಂಡು ಗೇಣುಗೇಣಾಗಿ ಸರಿಯುತ್ತಿತ್ತು. ಹಿತ್ತಲಿನ ಬಾಗಿಲು ಮುಟ್ಟುವಷ್ಟರಲ್ಲಿ ಯಾಕೆ ಎದ್ದೆ ಎಂಬುದೇ ಅವನಿಗೆ ಮರೆತಿತ್ತು. ‘ನಡೀತಾರಾ’ ಎಂದು ನಾನು ಕೇಳಿದ್ದೆ, ಅವಳು ‘ನಡೀತಾರೆ’ ಎಂದಿದ್ದಳು. ಅದು ಸುಳ್ಳೂ ಅಲ್ಲ.

ಹಿತ್ತಲಿನ ಹಗ್ಗದ ಮೇಲೆ ಐದು ಪಂಚೆ ಒಣಗುತ್ತಿದ್ದವು. ಇನ್ನೂ ನೀರು ಸೋರುತ್ತಿತ್ತು.

“ಮನೇಲಿ ಗಂಡಸರು ಎಷ್ಟು ಜನ ತಾಯೀ?” ಎಂದು ಕೇಳಿದಳು ಪೇಚ್ಚಿಯಮ್ಮಾಳ್.

“ಇವರೊಬ್ಬರೇ ಅಕ್ಕ.”

“ಐದು ಪಂಚೆ ಒಗ್ದಿದೀಯ.”

ಪೊನ್ನುತ್ತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕಲ್ಲಿನ ಮೇಲೆ ಕುಸಿದಳು. ಪೇಚ್ಚಿಯಮ್ಮಾಳ್ ಪಕ್ಕದಲ್ಲಿ ಕೂತು ಅವಳು ಅತ್ತು ಮುಗಿಸುವವರೆಗೂ ಕಾದಳು. ಆಮೇಲೆ ಒಂದೊಂದಾಗಿ ಕೇಳಿದಳು. ಹೋದ ತಿಂಗಳು ಆಡಿ ಅಮಾವಾಸ್ಯೆಗೆ ಏನು ಮಾಡ್ತಿದ್ರು? ತಿರುಚೆಂದೂರಿಗೆ ಒಬ್ಬರೇ ಬಸ್ಸಲ್ಲಿ ಹೋಗಿ ಸಮುದ್ರ ಸ್ನಾನ ಮಾಡಿ ಬಂದರು. ಕಾಲುಬಳೆ? ಆಗ ಕಟ್ಟುತ್ತಿದ್ದರು, ಊರವರಿಗೆಲ್ಲ ಕಟ್ಟಿಕೊಟ್ಟರು. ಯಾವಾಗಿಂದ ಹೀಗೆ? ಒಂದು ತಿಂಗಳಿಂದ. ಮೊದಲು ಕಾಲು, ಆಮೇಲೆ ಮರೆವು, ಈಗ ಹದಿನೈದು ದಿನದಿಂದ ಪಂಚೆ.

ನನಗೆ ತಡೆಯಲಾಗಲಿಲ್ಲ. “ಫೋನು ಮಾಡಿದಾಗ ಹೇಳ್ಬಾರ್ದಿತ್ತೇನಮ್ಮಾ?” ಎಂದೆ.

ಅವಳು ನನ್ನನ್ನು ಆಶ್ಚರ್ಯದಿಂದ ನೋಡಿದಳು. “ಹೆಂಗೆ ಹೇಳೋದು ಸಾರ್? ಸತ್ತೋಗಿದ್ದೋರಿಗೆ ಜೀವ ಕೊಟ್ಟು ಕಳಿಸಿದಿರಿ. ಅದು ಸಾಲದು ಅಂತ ಮನೆಯೋರ ಹಂಗೆ ಫೋನು ಮಾಡಿ ವಿಚಾರಿಸ್ತೀರಿ. ಅಂಥೋರಿಗೆ ಚೆನ್ನಾಗಿಲ್ಲ ಅಂದ್ರೆ ಉಂಡ ಮನೇಲಿ ಉಪ್ಪಿಲ್ಲ ಅಂದಂಗೆ ಆಗಲ್ವಾ? ಡಾಕ್ಟರು ಎಷ್ಟು ನೊಂದ್ಕೋತಾರೆ.”

ಅಲ್ಲಿಯವರೆಗೆ ನಾನು ಬರೆದುಕೊಂಡ ಎಷ್ಟು ಆರು, ಎಷ್ಟು ಏಳು ಬರೀ ಮರ್ಯಾದೆಯ ಮಾತಾಗಿದ್ದವೋ! ನಮ್ಮ ಜನ ಋಣ ತೀರಿಸುವ ರೀತಿಯೇ ಅದು, ಮತ್ತು ನಾನೂ ಅದೇ ಜನರಲ್ಲಿ ಒಬ್ಬ.

ಪೇಚ್ಚಿಯಮ್ಮಾಳ್ ಡಾಕ್ಟರಿಗೆ ಫೋನು ಹಚ್ಚಿದಳು. ಜೆಬಸಿಂಗ್ ಡಾಕ್ಟರ ದನಿ ನನಗೂ ಕೇಳುತ್ತಿತ್ತು.

“ಅವನ ಹಾಳೆ ನನ್ನ ಎದುರಿಗಿದೆ ಪೇಚ್ಚಿ. ಆರು ಅಂತಿದೆ. ಮುಂದಿನ ತಿಂಗಳು ಕ್ಲಿನಿಕ್ಕಿಗೆ ಬರ್ತಾನಲ್ಲ, ನೋಡೋಣ.”

“ಹಾಳೆ ಬಿಡಿ ಸಾರ್, ಮನುಷ್ಯನ ಪಕ್ಕದಲ್ಲಿ ನಿಂತು ಹೇಳ್ತಿದೀನಿ. ಮೇಲೆ ಹತ್ತುತ್ತಿದ್ದೋರು ಕೆಳಗಿಳೀತಿದ್ದಾರೆ. ಕಾಲು, ಮರೆವು, ಮೂತ್ರ, ಮೂರೂ ಸೇರಿದೆ. ತಲೇಲಿ ನೀರು ನಿಂತಿರ್ಬೇಕು.”

“ಸುಡಲೈಮುತ್ತು ಸುಮ್‌ಸುಮ್ನೆ ಬರೆಯೋನಲ್ಲವಲ್ಲ.”

ನಾನು ಫೋನು ಕಸಿದುಕೊಂಡೆ. “ಸಾರ್, ಆ ಆರು ನಂದೇ. ತಪ್ಪು ಬರ್ದಿದೀನಿ,” ಎಂದೆ. ಗುಮಾಸ್ತನಾಗಿ ಇಪ್ಪತ್ತಾರು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಮೊದಲ ಸಲ.

“ಇವತ್ತೇ ಕರ್ಕೊಂಡು ಬನ್ನಿ,” ಎಂದರು ಡಾಕ್ಟರು.

ಈಗ ಪೊನ್ನುತ್ತಾಯಿ ಒಪ್ಪಲಿಲ್ಲ. ಗಂಡನ ಭುಜ ಹಿಡಿದು ನಿಂತಳು. “ಮತ್ತೆ ತಲೆ ಬಿಚ್ತೀರಾ ಅಕ್ಕ?”

“ಬಿಚ್ಚಬಹುದು. ದೊಡ್ಡದಾಗಲ್ಲ, ಸಣ್ಣ ತೂತು. ನೀರು ಹೊಟ್ಟೆಗೆ ಇಳಿಯೋ ಹಂಗೆ ಚರ್ಮದ ಒಳಗೆ ಒಂದು ಕೊಳವೆ ಇಡ್ತಾರೆ. ನಿಂಗೆ ಸುಳ್ಳು ಹೇಳಿ ಕರ್ಕೊಂಡು ಹೋಗಲ್ಲ.”

“ಮೊದಲಿನಂಗೆ ಆಗ್ತಾರಾ?”

“ಅದು ನಂಗೆ ಗೊತ್ತಿಲ್ಲ. ಆದ್ರೆ ಇದು ಮರದಿಂದ ಬಿದ್ದ ಪೆಟ್ಟಲ್ಲ ತಾಯೀ, ಆಮೇಲೆ ಬಂದಿದ್ದು. ಆಮೇಲೆ ಬಂದಿದ್ದಕ್ಕೆ ಮದ್ದಿದೆ. ವಾರ್ಡಲ್ಲಿ ಇಂಥೋರನ್ನ ನನ್ನ ಕೈಯಾರೆ ಎಬ್ಬಿಸಿ ನಡೆಸಿದೀನಿ. ಇಲ್ಲೇ ಬಿಟ್ರೆ ಮಾತ್ರ ಮುಂದಿನ ತಿಂಗಳಿಗೆ ಮಂಚ ಬಿಟ್ಟು ಏಳಲ್ಲ.”

ಪೊನ್ನುತ್ತಾಯಿ ಒಳಗೆ ಹೋಗಿ ಮಡಿಸಿಟ್ಟಿದ್ದ ಪಂಚೆಗಳನ್ನು ಚೀಲಕ್ಕೆ ತುಂಬಿಕೊಂಡು ಬಂದಳು.

ಸ್ಕ್ಯಾನಿನಲ್ಲಿ ಮಿದುಳಿನ ಒಳಗಿನ ನೀರಿನ ಕೋಣೆಗಳು ಉಬ್ಬಿ ನಿಂತಿದ್ದವು. ಮರುದಿನ ಬೆಳಿಗ್ಗೆ ಕೊಳವೆ ಇಟ್ಟರು. ನಾಲ್ಕನೆಯ ದಿನ ಅವನು ಪಾದ ಎತ್ತಿ ಇಟ್ಟ. ಎರಡನೆಯ ವಾರ ವಾರ್ಡಿನ ಊಟದಲ್ಲಿ ಹುಳಿ ಕಮ್ಮಿ ಎಂದು ಜಗಳ ತೆಗೆದ. ಜೆಬಸಿಂಗ್ ಡಾಕ್ಟರು ಕಾರಿಡಾರಿನಲ್ಲಿ ಪೇಚ್ಚಿಯಮ್ಮಾಳನ್ನು ಕಂಡು ನಿಂತು, “ಪರವಾಗಿಲ್ಲ” ಎಂದು ಹೋದರು. ಇದು ಹೊಗಳಿಕೆಯದೋ ಹೊಟ್ಟೆಕಿಚ್ಚಿನದೋ ಎಂದು ನಾನು ಕೇಳಿದೆ. ಆಕೆ ಮುಖ ಕೆಂಪಗೆ ಮಾಡಿಕೊಂಡು ಕೆಲಸ ನೋಡಿಕೊಳ್ಳಿ ಎಂದಳು.

ಇನ್ನು ಹಾಳೆಯ ವಿಷಯ. ನನಗೆ ಅದನ್ನು ಆರು ಎಂದೇ ಬಿಡುವ ಆಸೆ ಇತ್ತು, ಒಪ್ಪಿಕೊಳ್ಳುತ್ತೇನೆ.

“ಈಗ ನಿಜವಾಗ್ಲೂ ಆರೇ ಇದ್ದಾನಲ್ಲ,” ಎಂದೆ.

“ಆರನೇ ತಿಂಗಳ ದಿನ ನಾವು ನೋಡಿದ್ದು ಮೂರು. ಮೂರು ಬರೀರಿ.”

“ಮೂರು ಅಂತ ಬರೆದ್ರೆ ನಮ್ಮ ಚಿಕಿತ್ಸೆ ಸೋತ ಹಂಗೆ ಕಾಣುತ್ತೆ.”

“ಕಾಣ್ಲಿ ಅಣ್ಣಾಚಿ. ಆರು ಓದಿದೋರು ಕುರ್ಚೀಲೇ ಕೂತಿರ್ತಾರೆ. ಮೂರು ಓದಿದ್ರೆ ಎದ್ದು ಬಸ್ ಹತ್ತುತಾರೆ.”

ಮೂರು ಎಂದು ಬರೆದೆ. ಹಾಗೆಯೇ ಬಿಡಲಿಲ್ಲ. ನನ್ನ ಪೆಟ್ಟಿಗೆಯಲ್ಲಿದ್ದ ನಲವತ್ತೊಂದು ‘ಪರವಾಗಿಲ್ಲ’ಗಳನ್ನು ಹೊರಗೆ ತೆಗೆದು, ಆಕೆಯ ಜೊತೆ ಐದು ತಿಂಗಳು ಬಸ್ಸಿನಲ್ಲಿ ಅಲೆದೆ. ಮೆಟ್ಟಿಲ ಪಟ್ಟಿಯಲ್ಲಿ ಏಳು ಮಂದಿ ಕೆಳಗಿಳಿದರು, ಇಬ್ಬರು ಮೇಲೇರಿದರು. ನಾನು ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಆಕೆ ಬದಲಿಸಿದಳು. ಇವತ್ತು ಸ್ನಾನಕ್ಕೆ ನೀರು ಯಾರು ಕಾಯಿಸಿದರು, ಕಳೆದ ವಾರ ಅಂಗಡಿಗೆ ಯಾರು ಹೋದರು, ಅಮಾವಾಸ್ಯೆಗೆ ಮಾಡಿದ್ದ ಯಾವ ಕೆಲಸ ಹುಣ್ಣಿಮೆಗೆ ಆಗಲಿಲ್ಲ. ಉಪಕಾರ ನೆನೆದು ಉತ್ತರ ಹೇಳಲು ಜಾಗವಿಲ್ಲದ ಪ್ರಶ್ನೆಗಳು. ಆ ಪಟ್ಟಿಯನ್ನು ಈಗ ಬೇರೆ ಊರಿನವರೂ ಕೇಳಿ ಪಡೆಯುತ್ತಾರೆ. ಅದರ ಮೇಲೆ ಆಕೆಯ ಹೆಸರು ಹಾಕಿಸಲು ನಾನು ಡಾಕ್ಟರ ಜೊತೆ ಎರಡು ದಿನ ಜಗಳವಾಡಿ ಗೆದ್ದೆ.

ಆ ಅಲೆದಾಟದ ನಡುವೆಯೇ, ಮಾರ್ಗಳಿ ತಿಂಗಳ ಚಳಿಯಲ್ಲಿ ಇಸಕ್ಕಿಮುತ್ತು ತಪಾಸಣೆಗೆ ಬಂದ. ಬಸ್ಸಿನಿಂದ ತಾನೇ ಇಳಿದು, ಮೆಟ್ಟಿಲು ಹತ್ತಿ, ಒಂದು ಅಚ್ಚು ತಾಳೆಬೆಲ್ಲ ನನ್ನ ಮೇಜಿನ ಮೇಲಿಟ್ಟ. ಹಿಂದೆ ಪೊನ್ನುತ್ತಾಯಿ. ಮರ ಹತ್ತುವುದಕ್ಕೆ ಡಾಕ್ಟರು ಬಿಡಲಿಲ್ಲ, ಕೆಳಗೆ ನಿಂತು ಬೇರೆಯವರನ್ನು ಹತ್ತಿಸುತ್ತೇನೆ ಎಂದ. ಆಮೇಲೆ ಮೇಜಿನ ಮೇಲೆ ಬಾಗಿ, “ಪುಸ್ತಕದಲ್ಲಿ ನಂಗೆ ಎಷ್ಟು ಹಾಕಿದೀರಿ?” ಎಂದು ಕೇಳಿದ. ಅದು ಗುಟ್ಟು, ಹೇಳುವಂತಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಪೇಚ್ಚಿಯಮ್ಮಾಳ್ ಹೇಳಿಬಿಟ್ಟಳು.

“ಮೂರು ಅಣ್ಣಾ. ದಿನವೆಲ್ಲ ಇನ್ನೊಬ್ರು ಬೇಕು ಅನ್ನೋದು.”

ಅವನು ಕೋಪ ಮಾಡಿಕೊಳ್ಳುತ್ತಾನೆ ಎಂದುಕೊಂಡೆ. ಅವನು ತಲೆಯಾಡಿಸಿದ.

“ಸರಿಯಾಗೇ ಬರ್ದಿದೀರಿ. ಆ ಇನ್ನೊಬ್ರು ಇವಳು. ಇವಳಿಗೆ ಎಷ್ಟು ಹಾಕಿದೀರಿ?”

ಮೂವರು ಪಂಡಿತರು ಕೂತು ತಯಾರಿಸಿದ ಹದಿನಾಲ್ಕು ಪುಟದ ಫಾರಂ ನನ್ನ ಮುಂದೆ ಇತ್ತು. ಅದರಲ್ಲಿ ಅಂಥ ಕಲಂ ಇರಲಿಲ್ಲ. ನಾನು ಪುಟ ಮಗುಚುತ್ತಲೇ ಇದ್ದೆ, ಇಲ್ಲವೆಂದು ಗೊತ್ತಿದ್ದೂ. ಪೇಚ್ಚಿಯಮ್ಮಾಳಿಗೂ ಇದು ಹೊಳೆದಿರಲಿಲ್ಲ. ಆಕೆ ತನ್ನ ಕುರ್ಚಿಯನ್ನು ಎಳೆದು ತಂದು ಪೊನ್ನುತ್ತಾಯಿಯನ್ನು ಕೂರಿಸಿ, ಎದುರಿಗೆ ತಾನು ಸ್ಟೂಲಿನ ಮೇಲೆ ಕೂತಳು.

“ಹೇಳು ತಾಯೀ, ನಿಂಗೆ ಹೆಂಗಿದೆ?”

ಪೊನ್ನುತ್ತಾಯಿ ಗಂಡನ ಮುಖ ನೋಡಿದಳು, ನನ್ನ ಮುಖ ನೋಡಿದಳು.

“ಸೊಂಟ ಬಿದ್ದೋಗಿದೆ ಅಕ್ಕ,” ಎಂದಳು. “ಅವರನ್ನ ಎತ್ತಿ ಎತ್ತಿ. ಅವರು ಬಿದ್ದ ಮಾಸಿ ತಿಂಗಳಿಂದ ನಾನು ಒಂದು ದಿನ ನೆಟ್ಟಗೆ ನಿದ್ದೆ ಮಾಡಿಲ್ಲ.”

ನಾನು ಫಾರಂ ಮಗುಚಿ, ಹಿಂಬದಿಯ ಖಾಲಿ ಪುಟದಲ್ಲಿ ಅವಳ ಹೆಸರು ಬರೆದು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳತೊಡಗಿದೆ.